ಕೆಲಸಕ್ಕೆ ಕೌಲಾಲಂಪುರವೋ, ಜಕಾರ್ತವೋ?

ಎರಡೂ ಕಡೆ ಮುಸ್ಲಿಮರೇ ಜಾಸ್ತಿ, ಆದರೆ ವ್ಯವಸ್ಥೆ ಬೇರೆ. ಮಲೇಷ್ಯಾದ ಸಂವಿಧಾನದ 3ನೇ ವಿಧಿಯೇ ಇಸ್ಲಾಂ ಒಕ್ಕೂಟದ ಧರ್ಮ ಎನ್ನುತ್ತದೆ. ಬೇರೆ ಧರ್ಮ ಪಾಲಿಸಲು ಅಡ್ಡಿಯಿಲ್ಲ. ಶರಿಯಾ ಕೋರ್ಟುಗಳು ಮುಸ್ಲಿಮರಿಗಷ್ಟೇ. ಆದರೆ ಅಲ್ಲಿ ಮುಸ್ಲಿಮರನ್ನು ಮದುವೆಯಾಗಬೇಕೆಂದರೆ ಮತಾಂತರ ಆಗಲೇಬೇಕು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಅಲ್ವಾ? ಕೆಲಾಂತನ್ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ.

ಇಂಡೋನೇಷ್ಯಾದಲ್ಲಿ ಮುಸ್ಲಿಮರು ಶೇ. 87ರಷ್ಟಿದ್ದರೂ ಇಸ್ಲಾಂ ದೇಶದ ಧರ್ಮವಲ್ಲ. 1945ರ ಪಂಚಶೀಲ, ಅಂದರೆ ಆ ದೇಶದ ಐದು ಮೂಲ ತತ್ವಗಳು, 'ಒಬ್ಬ ದೇವರಲ್ಲಿ ನಂಬಿಕೆ' ಎನ್ನುತ್ತದೆ, ಅಷ್ಟೇ. ಸರ್ಕಾರ ಒಪ್ಪಿದ ಆರು ಧರ್ಮಗಳಲ್ಲಿ ಹಿಂದೂ ಧರ್ಮವೂ ಇದೆ. ಬಾಲಿಯ ಹಿಂದೂಗಳ ಹೊಸ ವರ್ಷ ನ್ಯೆಪಿಗೆ ದೇಶಕ್ಕೆಲ್ಲ ರಜೆ. ಆಚೆ (Aceh) ಎಂಬ ಪ್ರಾಂತ್ಯದಲ್ಲಿ ಮಾತ್ರ ಶರಿಯಾ ಬಿಗಿ, ಛಡಿ ಏಟೂ ಉಂಟು.

ನನ್ನನ್ನು ಕೇಳಿದರೆ ಜಕಾರ್ತ. ಇಡ್ಲಿ, ದೋಸೆ ಬಿಟ್ಟಿರಲು ಆಗದವರು ಮಾತ್ರ ಕೌಲಾಲಂಪುರಕ್ಕೇ ಹೋಗಿ.