ತಪಾಸಣೆಯಿಲ್ಲದೆ ಉಗ್ರಾಣಕ್ಕೆ: ಡಾಕ್-ಟು-ಸ್ಟಾಕ್ ಯೋಜನೆಯನ್ನು ಏಳು ವರ್ಷ ಬಳಸಿದ ಮೇಲೆ

ಪೂರೈಕೆದಾರರಿಂದ ಬಂದ ಮಾಲನ್ನು ಇನ್‌ಕಮಿಂಗ್ ಇನ್‌ಸ್ಪೆಕ್ಷನ್‌ಗೆ ಒಳಪಡಿಸದೆ ನೇರವಾಗಿ ಸ್ಟೋರ್ಸಿಗೆ ಕಳುಹಿಸುವ ವ್ಯವಸ್ಥೆಯನ್ನು ಕಾರ್ಖಾನೆಗಳಲ್ಲಿ ಡಾಕ್-ಟು-ಸ್ಟಾಕ್ ಅಥವಾ ಶಿಪ್-ಟು-ಸ್ಟಾಕ್ ಎನ್ನುತ್ತಾರೆ. ಯಂತ್ರಗಳನ್ನು ಜೋಡಿಸುವ ಘಟಕವೊಂದರ ಗುಣಮಟ್ಟ ವಿಭಾಗದಲ್ಲಿ ನಾನು ಇದನ್ನು ಏಳು ವರ್ಷಗಳಿಂದ ಬಳಸುತ್ತಿದ್ದೇನೆ. ಮೊದಲ ವರ್ಷವೇ ಬರೆದಿದ್ದರೆ ಈ ವಿಮರ್ಶೆಯಲ್ಲಿ ಹೊಗಳಿಕೆಯಷ್ಟೇ ಇರುತ್ತಿತ್ತು. ಈಗಲೂ ಯೋಜನೆಯನ್ನು ಒಳ್ಳೆಯದೆಂದೇ ಹೇಳುತ್ತೇನೆ, ಆದರೆ ಅದನ್ನು ಯಾವುದಕ್ಕೆ ಕಟ್ಟಿಹಾಕುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆರಂಭದಲ್ಲಿ ನಮ್ಮ ಹಿರಿಯ ಅಧಿಕಾರಿಗಳಿಗಿದ್ದ ಆತಂಕ ಸಹಜವಾದದ್ದು. ತಪಾಸಣೆ ಕೈಬಿಟ್ಟರೆ ಕೆಟ್ಟ ಮಾಲು ಒಳನುಗ್ಗುವುದಿಲ್ಲವೇ ಎಂದು ಅವರು ಕೇಳಿದರು. ತಪಾಸಣೆ ಇದ್ದಾಗಲೂ ಅದು ನುಗ್ಗುತ್ತಲೇ ಇತ್ತು ಎಂಬುದನ್ನು ಲೆಕ್ಕ ಹಾಕಿ ತೋರಿಸಬೇಕಾಯಿತು. ಐಎಸ್‌ಒ 2859-1 ಎಂಬ ಮಾದರಿ ತಪಾಸಣೆಯ ಅಂತರರಾಷ್ಟ್ರೀಯ ಮಾನಕದ ಕೋಷ್ಟಕದ ಪ್ರಕಾರ, ಸಾಮಾನ್ಯ ತಪಾಸಣೆಯ ಎರಡನೆಯ ಮಟ್ಟದಲ್ಲಿ, 501ರಿಂದ 1200 ಬಿಡಿಭಾಗಗಳಿರುವ ಲಾಟಿನಿಂದ (ಒಟ್ಟಿಗೆ ಬಂದ ಕಂತಿನಿಂದ) 80 ಮಾದರಿಗಳನ್ನು ತೆಗೆಯುತ್ತೇವೆ. ಎಕ್ಯೂಎಲ್, ಅಂದರೆ ಒಪ್ಪಿಕೊಳ್ಳಬಹುದಾದ ದೋಷದ ಮಿತಿ, ಶೇಕಡಾ 1 ಇದ್ದರೆ ಎರಡು ದೋಷಗಳವರೆಗೆ ಲಾಟ್ ಪಾಸಾಗುತ್ತದೆ, ಮೂರು ಸಿಕ್ಕರೆ ತಿರಸ್ಕೃತವಾಗುತ್ತದೆ. ನೂರಕ್ಕೆ ಮೂರು ಕೆಟ್ಟಿರುವ ಲಾಟ್ ಕೂಡ ಈ ಜರಡಿಯಿಂದ ಅರ್ಧಕ್ಕಿಂತ ಹೆಚ್ಚು ಸಲ ಪಾರಾಗುತ್ತದೆ. ಮಾದರಿ ತಪಾಸಣೆಯನ್ನು ಕೋಟೆಗೋಡೆ ಎಂದು ಭಾವಿಸಿದವರಿಗೆ ಈ ಒಂದು ಲೆಕ್ಕ ಸಾಕು. ಕೆಲವು ಲಾಟುಗಳನ್ನು ನೋಡದೆಯೇ ಬಿಡಬಹುದೆಂಬ ವಿಚಾರವೂ ಹೊಸದೇನಲ್ಲ. ಮಾದರಿ ತಪಾಸಣೆಯ ತಜ್ಞ ಹೆರಾಲ್ಡ್ ಡಾಡ್ಜ್ ಅವರು 1955ರಲ್ಲಿಯೇ ಸ್ಕಿಪ್-ಲಾಟ್ ಪದ್ಧತಿಯನ್ನು ಮುಂದಿಟ್ಟಿದ್ದರು, ಇಂದು ಅದಕ್ಕೆ ಐಎಸ್‌ಒ 2859-3 ಎಂಬ ಪ್ರತ್ಯೇಕ ಮಾನಕವೇ ಇದೆ.

ನಮ್ಮಲ್ಲಿ ಪ್ರವೇಶದ ಷರತ್ತುಗಳು ಮೂರು: ಪಿಪಿಎಪಿ (ಉತ್ಪಾದನೆಗೆ ಮುನ್ನ ಬಿಡಿಭಾಗಕ್ಕೆ ಒಪ್ಪಿಗೆ ಪಡೆಯುವ ಪ್ರಕ್ರಿಯೆ) ದಾಖಲೆಗಳಿಗೆ ಅನುಮೋದನೆ ಸಿಕ್ಕಿರಬೇಕು, ಮುಖ್ಯ ಅಳತೆಗಳಲ್ಲಿ ಸಿಪಿಕೆ (ಅಳತೆಗಳು ಮಿತಿಯೊಳಗೆ ಎಷ್ಟು ಸ್ಥಿರವಾಗಿ ಉಳಿಯುತ್ತವೆ ಎಂಬ ಸೂಚ್ಯಂಕ) 1.67ಕ್ಕಿಂತ ಕಡಿಮೆ ಇರಬಾರದು, ಸತತ ಹತ್ತು ಲಾಟುಗಳು ದೋಷವಿಲ್ಲದೆ ಬಂದಿರಬೇಕು. ಇವುಗಳನ್ನು ದಾಟಿದ ಬಿಡಿಭಾಗಗಳು ತಪಾಸಣೆಯಾಗದ ಮಾಲನ್ನಿಡುವ ಹೋಲ್ಡ್ ರ್‍ಯಾಕಿನಲ್ಲಿ ದಿನಗಟ್ಟಲೆ ಕಾಯುವುದು ನಿಂತಿತು. ಅಸೆಂಬ್ಲಿಯವರು ಚೀಟಿ ಬರೆದುಕೊಟ್ಟು ತಪಾಸಣೆಯಾಗದ ಮಾಲನ್ನು ಮೊದಲೇ ಕೊಂಡೊಯ್ಯುವ ಕೆಟ್ಟ ಅಭ್ಯಾಸವೂ ಅದರೊಂದಿಗೆ ಹೋಯಿತು. ಉಳಿದ ಸಮಯದಲ್ಲಿ ನಮ್ಮ ಇನ್‌ಸ್ಪೆಕ್ಟರುಗಳನ್ನು ಪೂರೈಕೆದಾರರ ಶಾಪ್‌ಗಳಿಗೆ ಕಳುಹಿಸಿದೆವು. ಒಂದೇ ಬುಶ್ಶಿನ (ಕೊಳವೆಯಾಕಾರದ ಭಾಗದ) ಒಳವ್ಯಾಸವನ್ನು ಅವರು ವರ್ನಿಯರಿನಲ್ಲಿಯೂ ನಾವು ರಂಧ್ರದ ಒಳ ಅಳತೆಗೆಂದೇ ಇರುವ ಬೋರ್ ಗೇಜಿನಲ್ಲಿಯೂ ಅಳೆಯುತ್ತ, ವರ್ಷಗಳಿಂದ ಪರಸ್ಪರ ವಾದಿಸುತ್ತಿದ್ದೆವೆಂಬುದು ಅಲ್ಲಿ ಅವರ ಮೇಜಿನ ಮುಂದೆ ನಿಂತಾಗಲೇ ತಿಳಿದದ್ದು. ಎರಡೂ ಕಡೆ ಒಂದೇ ಬಗೆಯ ಗೇಜ್ ಬಂದ ಮೇಲೆ ಆ ಭಾಗದ ರಿಜೆಕ್ಷನ್ ವಿವಾದ ಮತ್ತೆ ತಲೆಯೆತ್ತಲಿಲ್ಲ. ಯೋಜನೆಯ ನಿಜವಾದ ಲಾಭವನ್ನು ನಾನು ಕಂಡದ್ದು ಇಲ್ಲಿ.

ಮೂರನೆಯ ವರ್ಷದಲ್ಲಿ ಪೆಟ್ಟು ಬಿತ್ತು. ಸಂಜೆಯ ಪಾಳಿಯವರು 12.9 ದರ್ಜೆಯ, ಅಂದರೆ ಬಹಳ ಗಡಸಾದ, ಸತು ಲೇಪಿಸಿದ ಅಲನ್ ಸ್ಕ್ರೂಗಳನ್ನು ನಿಗದಿತ ಟಾರ್ಕಿಗೆ (ತಿರುಚು ಬಲಕ್ಕೆ) ಬಿಗಿದು ಹೋಗಿದ್ದರು. ಬೆಳಿಗ್ಗೆ ಬಂದು ನೋಡಿದರೆ ಒಂದು ಯಂತ್ರದ ಕೆಳಗೆ ಎರಡು ಸ್ಕ್ರೂಗಳ ತಲೆಗಳು ಬಿದ್ದಿದ್ದವು. ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ, ಓಡಿಸಿಯೂ ಇರಲಿಲ್ಲ. ತಲೆಯನ್ನು ಎತ್ತಿ ಬೆಳಕಿಗೆ ಹಿಡಿದಾಗ ಮುರಿದ ಮೈ ಕಲ್ಲುಸಕ್ಕರೆ ಒಡೆದಂತೆ ಹರಳುಹರಳಾಗಿ ಮಿನುಗುತ್ತಿತ್ತು. ಉಕ್ಕು ಎಳೆತಕ್ಕೆ ಸಿಕ್ಕಿ ಸಣಕಲಾಗಿ ತುಂಡಾದ ಗುರುತು ಎಲ್ಲಿಯೂ ಇರಲಿಲ್ಲ. ಅದು ಹೈಡ್ರೋಜನ್ ಎಂಬ್ರಿಟಲ್‌ಮೆಂಟ್, ಅಂದರೆ ಹೈಡ್ರೋಜನ್ ಸೇರಿ ಉಕ್ಕು ಪೆಡಸಾಗುವುದು. ಆಮ್ಲದಲ್ಲಿ ತೊಳೆಯುವಾಗಲೂ ವಿದ್ಯುತ್ ಲೇಪನ ಮಾಡುವಾಗಲೂ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಇಷ್ಟು ಗಡಸಾದ ಸ್ಕ್ರೂಗಳನ್ನು ಲೇಪನವಾದ ಬೆನ್ನಲ್ಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಲವು ಗಂಟೆ ಬೇಯಿಸಿ (ಬೇಕಿಂಗ್ ಮಾಡಿ) ಆ ಹೈಡ್ರೋಜನನ್ನು ಹೊರಹಾಕದಿದ್ದರೆ, ಬಿಗಿದ ಕೆಲವು ಗಂಟೆಗಳ ನಂತರ ಅವು ತಾವಾಗಿಯೇ ಮುರಿಯಬಹುದು.

ವಿಚಾರಿಸಿದಾಗ, ಪೂರೈಕೆದಾರರು ಲೇಪನದ ಕೆಲಸವನ್ನು ನಮಗೆ ತಿಳಿಸದೆ ಬೇರೊಂದು ಘಟಕಕ್ಕೆ ವಹಿಸಿದ್ದು ಗೊತ್ತಾಯಿತು. ಅಲ್ಲಿ ಓವನ್ ಖಾಲಿಯಾಗುವವರೆಗೆ ಸ್ಕ್ರೂಗಳು ಮರುದಿನದ ತನಕ ಕಾಯುತ್ತಿದ್ದವು. ಪ್ರತಿ ಲಾಟಿನೊಂದಿಗೆ ಬರುತ್ತಿದ್ದ ಟೆಸ್ಟ್ ಸರ್ಟಿಫಿಕೇಟಿನಲ್ಲಿ ‘ಬೇಕಿಂಗ್ ಆಗಿದೆ’ ಎಂಬ ಸಾಲು ಭರ್ತಿ ಮಾಡಿದ್ದಾಗಿರಲಿಲ್ಲ, ನಮೂನೆಯಲ್ಲಿಯೇ ಅಚ್ಚಾಗಿತ್ತು. ಎಷ್ಟು ಹೊತ್ತಿಗೆ, ಎಷ್ಟು ಗಂಟೆ ಎಂದು ನಾವೂ ಕೇಳಿರಲಿಲ್ಲ.

ಆಗ ಕಾರ್ಖಾನೆಯಲ್ಲಿ ಎಲ್ಲರೂ ಯೋಜನೆಯನ್ನೇ ದೂರಿದರು. ನಾನು ಒಪ್ಪಲಿಲ್ಲ. ನಮ್ಮ ಹಳೆಯ ತಪಾಸಣೆಯಲ್ಲಿ ಥ್ರೆಡ್ ಗೇಜ್, ತಲೆಯ ಎತ್ತರ, ಲೇಪನದ ದಪ್ಪ ಇಷ್ಟನ್ನೇ ನೋಡುತ್ತಿದ್ದೆವು, ಆ ಲಾಟ್ ಮೂರರಲ್ಲಿಯೂ ಪಾಸಾಗುತ್ತಿತ್ತು. ತಪ್ಪಿದ್ದು ಅನುಮೋದನೆಯನ್ನು ಪೂರೈಕೆದಾರರ ಹೆಸರಿಗೆ ಕೊಟ್ಟದ್ದರಲ್ಲಿ. ಕಂಪ್ಯೂಟರಿನಲ್ಲಿ ವೆಂಡರ್ ಕೋಡ್ ಒಂದೇ ಆಗಿರುವುದರಿಂದ, ಅದರ ಹಿಂದೆ ಯಾವ ಘಟಕ, ಯಾವ ಓವನ್ ಕೆಲಸ ಮಾಡುತ್ತಿದೆಯೆಂಬುದು ಅಲ್ಲಿ ಕಾಣುವುದೇ ಇಲ್ಲ. ಈಗ ನಾವು ಅನುಮೋದನೆಯನ್ನು ಬಿಡಿಭಾಗದ ಸಂಖ್ಯೆ, ತಯಾರಾಗುವ ಸ್ಥಳ, ಹೊರಗೆ ಮಾಡಿಸುವ ಪ್ರತಿಯೊಂದು ಪ್ರಕ್ರಿಯೆ ಇವು ಮೂರನ್ನೂ ಕೂಡಿಸಿ ಕೊಡುತ್ತೇವೆ. ಇವುಗಳಲ್ಲಿ ಒಂದು ಬದಲಾದರೂ ಅನುಮೋದನೆ ರದ್ದಾಗಿ, ಹತ್ತು ಲಾಟುಗಳ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಪೂರೈಕೆದಾರರಿಗೆ ಇದು ಕಠಿಣವೆನಿಸುತ್ತದೆ, ಆದರೂ ಬದಲಾವಣೆಯನ್ನು ಮೊದಲೇ ತಿಳಿಸುವವರ ಸಂಖ್ಯೆ ಹೆಚ್ಚಿರುವುದನ್ನು ನಾನು ಕಂಡಿದ್ದೇನೆ.

ಯೋಜನೆಯ ಇನ್ನೊಂದು ಕೊರತೆ ನಿಧಾನವಾಗಿ ಬೆಳಕಿಗೆ ಬಂತು. ಆ ಘಟನೆಯ ನಂತರ ಕೆಲವು ಎರಕದ ಭಾಗಗಳನ್ನೂ ತಪಾಸಣೆಗೆ ಮರಳಿಸಿದಾಗ, ಅಳತೆಗೆ ಬಳಸುವ ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರು, ಗೇಜುಗಳ ಕ್ಯಾಲಿಬ್ರೇಶನ್ ಅವಧಿ ಮುಗಿದಿತ್ತು, ಭಾಗವನ್ನು ಫಿಕ್ಸ್‌ಚರಿನಲ್ಲಿ ಯಾವ ಮೈಗೆ ಒರಗಿಸಿ ಕೂರಿಸಬೇಕೆಂಬುದು ನಿವೃತ್ತರಾದ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರನ್ನು ಕರೆಸಿ ಕೇಳಿದೆವು. ತಪಾಸಣೆ ನಿಲ್ಲಿಸಿದರೂ ತಪಾಸಣೆ ಮಾಡುವ ಕೈಯನ್ನು ಉಳಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಯೋಜನೆಯ ಯಾವ ದಾಖಲೆಯೂ ನಮಗೆ ಹೇಳಿರಲಿಲ್ಲ. ಈಗ ಯೋಜನೆಯಲ್ಲಿರುವ ಪ್ರತಿ ಭಾಗದ ಒಂದು ಲಾಟನ್ನು ಮೂರು ತಿಂಗಳಿಗೊಮ್ಮೆ ಪೂರ್ತಿಯಾಗಿ ಅಳೆಯುತ್ತೇವೆ, ಹೊಸಬರ ಕೈಯಲ್ಲಿಯೇ ಅಳೆಸುತ್ತೇವೆ.

ಲಾಟುಗಳು ಆಗೊಮ್ಮೆ ಈಗೊಮ್ಮೆ ಬರುವ, ವರ್ಷಕ್ಕೆ ಮೂರು ನಾಲ್ಕು ಸಲವಷ್ಟೇ ತರಿಸುವ ಭಾಗಗಳಿಗೆ ಇದು ಹೊಂದುವುದಿಲ್ಲ. ವಿಶ್ವಾಸ ಕಟ್ಟಲು ಬೇಕಾದಷ್ಟು ಇತಿಹಾಸ ಅಲ್ಲಿ ಎಂದಿಗೂ ಕೂಡುವುದಿಲ್ಲ. ಔಷಧ ತಯಾರಿಕೆಯಲ್ಲಂತೂ ಅಮೆರಿಕದ ನಿಯಮಾವಳಿಯು ಪೂರೈಕೆದಾರರ ವಿಶ್ಲೇಷಣಾ ವರದಿಯನ್ನು ಒಪ್ಪಿಕೊಳ್ಳಲು ಬಿಟ್ಟರೂ, ಪ್ರತಿ ಘಟಕದ್ರವ್ಯಕ್ಕೆ ಕನಿಷ್ಠ ಒಂದು ಗುರುತಿನ ಪರೀಕ್ಷೆಯನ್ನು ತಯಾರಕರೇ ಮಾಡಬೇಕೆನ್ನುತ್ತದೆ. ಆ ಎಚ್ಚರ ನನಗೆ ಸರಿಯೆನಿಸುತ್ತದೆ.

ನಮ್ಮ ಬಿಡಿಭಾಗಗಳಲ್ಲಿ ಬಹುಪಾಲು ಇಂದು ಯೋಜನೆಯೊಳಗಿವೆ. ಆ ಅಲನ್ ಸ್ಕ್ರೂಗಳು ಮಾತ್ರ ಮರಳಿಲ್ಲ. ಪ್ರತಿ ಲಾಟಿನಿಂದ ಕೆಲವನ್ನು ತೆಗೆದು ಉಕ್ಕಿನ ಪಟ್ಟಿಯೊಂದಕ್ಕೆ ಬಿಗಿದು, ಬಿಗಿದ ಗಂಟೆಯನ್ನು ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದು, 48 ಗಂಟೆ ಹಾಗೆಯೇ ಬಿಡುತ್ತೇವೆ. ಬೇಕಿಂಗ್ ಓವನ್ನಿನ ತಾಪಮಾನದ ದಾಖಲೆಯ ನಕಲು ಕೈಗೆ ಬರುವವರೆಗೆ ಆ ಪೆಟ್ಟಿಗೆಗಳು ಹೋಲ್ಡ್ ರ್‍ಯಾಕಿನಿಂದ ಕದಲುವುದಿಲ್ಲ.