ಬಳ್ಳಾರಿ, ರಾಯಚೂರು, ಕೊಪ್ಪಳದ ಚಾದಂಗಡಿಗಳು: ಕಾಯಂ ಗಿರಾಕಿಯ ವಿಮರ್ಶೆ

ಚಾದಂಗಡಿ ಹೇಗಿದೆ ಎಂದು ನೋಡಲು ಬೆಳಗಿನ ಆರಕ್ಕೆ ಹೋಗಬಾರದು. ಆ ಹೊತ್ತಿಗೆ ಹಾಲು ಹೊಸದು, ಪಾತೇಲಿ ತಿಕ್ಕಿಟ್ಟದ್ದು, ಸೋಸುವ ಅರಿವೆ ಒಣಗಿದ್ದು. ಯಾರು ಕುದಿಸಿದರೂ ಚಾ ಚಲೋ ಆಗುತ್ತದೆ. ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಹೋಗಬೇಕು. ಊಟದ ಹೊತ್ತಿನ ಗದ್ದಲ ಮುಗಿದಿರುತ್ತದೆ, ಸಂಜೆಯ ಗಿರಾಕಿ ಇನ್ನೂ ಬಂದಿರುವುದಿಲ್ಲ, ಬೇಸಿಗೆಯಾದರೆ ಹೊರಗೆ ಬಿಸಿಲು ನಲವತ್ತು ದಾಟಿರುತ್ತದೆ. ಆಗಲೂ ಬಂದ ಇಬ್ಬರಿಗಾಗಿ ಹೊಸ ಚಾ ಕುದಿಸುವ ಅಂಗಡಿ ಸಿಕ್ಕರೆ ಅದನ್ನು ಬಿಡಬೇಡಿ. ಈ ಮೂರು ಊರುಗಳ ಹಳೇ ನಮೂನೆಯ ಚಾದಂಗಡಿಗಳಿಗೆ ವರ್ಷಗಟ್ಟಲೆ ಗಿರಾಕಿಯಾಗಿದ್ದು ನಾನು ಹೇಳುವ ಮುಖ್ಯ ಮಾತು ಇದು. ಬೋರ್ಡಿನ ಮೇಲೆ ಎಷ್ಟು ಬಗೆಯ ಚಾ ಬರೆದಿದ್ದಾರೆ ಎನ್ನುವುದರಿಂದ ಏನೂ ತಿಳಿಯುವುದಿಲ್ಲ.

ಒಳಗೆ ಕಾಲಿಡುತ್ತಲೇ ಪಾತೇಲಿಯ ಗಾತ್ರ ನೋಡಿ. ಒಳ್ಳೆಯ ಅಂಗಡಿಯಲ್ಲಿ ಒಲೆಯ ಮೇಲಿರುವುದು ಒಂದೂವರೆ, ಹೆಚ್ಚೆಂದರೆ ಎರಡು ಲೀಟರಿನ ಪಾತೇಲಿ. ಅದು ಹತ್ತು-ಹದಿನೈದು ನಿಮಿಷದಲ್ಲಿ ಖಾಲಿಯಾಗಬೇಕು, ತೊಳೆದು ಮತ್ತೆ ಏರಬೇಕು. ಎಂಟು-ಹತ್ತು ಲೀಟರಿನ ಹಂಡೆಯಲ್ಲಿ ಒಮ್ಮೆಲೇ ಕುದಿಸಿ ಸಣ್ಣ ಉರಿಯಲ್ಲಿಟ್ಟರೆ ಕೆಲಸ ಹಗುರಾಗುತ್ತದೆ, ಚಾ ಮಾತ್ರ ಕೆಡುತ್ತದೆ. ನಮ್ಮ ಕಡೆ ಎಲ್ಲರೂ ಬಳಸುವುದು ಸಿಟಿಸಿ ಡಸ್ಟ್, ಅಂದರೆ ಯಂತ್ರದಲ್ಲಿ ಹಿಸುಕಿ, ಹರಿದು, ಸುರುಳಿ ಮಾಡಿದ ಎಲೆಯ ಅತಿ ಸಣ್ಣ ಪುಡಿ. ಕಾಳು ತೀರಾ ಸಣ್ಣದಾದ್ದರಿಂದ ಎರಡು-ಮೂರು ನಿಮಿಷದ ಕುದಿಯಲ್ಲೇ ಬಣ್ಣ, ಕಸುವು, ಘಮ ಎಲ್ಲ ಬಿಟ್ಟುಬಿಡುತ್ತದೆ. ಆಮೇಲೆ ಬರುವುದು ಬರೀ ಒಗರು. ಅರ್ಧ ಗಂಟೆ ಕುದಿದ ಚಾದಲ್ಲಿ ಬಣ್ಣ ಗಾಢವಾಗಿರುತ್ತದೆ, ಮೂಗಿಗೆ ಏನೂ ಹತ್ತುವುದಿಲ್ಲ, ಗುಟುಕರಿಸಿದ ಮೇಲೆ ನಾಲಿಗೆಯ ಅಂಚು ಒಣಗಿದಂತಾಗುತ್ತದೆ. ಅದನ್ನು ಮುಚ್ಚಲು ಸಕ್ಕರೆ ಹೆಚ್ಚುತ್ತದೆ. ಇದಕ್ಕಿಂತ ಕೆಟ್ಟದ್ದು ಹಳೇ ಪುಡಿಯನ್ನು ತೆಗೆಯದೆ ಅದರ ಮೇಲೆಯೇ ಒಂದು ಚಮಚ ಹೊಸ ಪುಡಿ, ಒಂದು ತಂಬಿಗೆ ನೀರು ಹಾಕುವುದು. ಒಲೆಯ ಪಕ್ಕದ ಡಬ್ಬಿಯಲ್ಲಿ ಸೋಸಿ ಸುರಿದ ಚರಟ ಆಗಾಗ ಬೀಳುತ್ತಿದೆಯೇ ನೋಡಿದರೆ ಇದು ಗೊತ್ತಾಗುತ್ತದೆ.

ಅಳತೆ ಗೊತ್ತಿದ್ದರೆ ಕೈಗೆ ಬಂದ ಗ್ಲಾಸಿನಲ್ಲಿ ಏನು ಕಡಿಮೆಯಾಗಿದೆ ಎಂದು ಹೇಳಬಹುದು. ಖಡಕ್ ಚಾಕ್ಕೆ 400 ಮಿ.ಲೀ. ನೀರು, 600 ಮಿ.ಲೀ. ಹಾಲು, 22ರಿಂದ 25 ಗ್ರಾಂ ಡಸ್ಟ್, 70ರಿಂದ 80 ಗ್ರಾಂ ಸಕ್ಕರೆ. ಒಂದಷ್ಟು ಆವಿಯಾಗಿ, ಒಂದಷ್ಟನ್ನು ಪುಡಿ ಹೀರಿಕೊಂಡು, ಸೋಸಿದ ಮೇಲೆ ಉಳಿಯುವುದು ಸುಮಾರು 850 ಮಿ.ಲೀ. ಅಂದರೆ 80 ಮಿ.ಲೀ. ಗ್ಲಾಸಿಗೆ ಹತ್ತು ಚಾ. ಇದೇ ಸಾಮಾನಿನಲ್ಲಿ ಹದಿನಾಲ್ಕು ಗ್ಲಾಸು ತೆಗೆಯಬೇಕಾದರೆ ಒಂದೋ ಗ್ಲಾಸು ಕಿರಿದಾಗಬೇಕು, ಇಲ್ಲವೇ ನೀರು ಏರಬೇಕು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಕೆಲವರು ಚಾದ ದರ ಏರಿಸಿದರು, ಕೆಲವರು ದರ ಹಾಗೇ ಇಟ್ಟು ನೀರು ಏರಿಸಿದರು. ದರ ಏರಿಸಿ ಚಾ ಉಳಿಸಿಕೊಂಡವರ ಕಡೆಗೇ ನನ್ನ ಒಲವು. ಗಿರಾಕಿ ಒಂದೆರಡು ರೂಪಾಯಿಗೆ ಒಂದು ವಾರ ಗೊಣಗುತ್ತಾನೆ. ತೆಳು ಚಾ ಕೊಟ್ಟರೆ ಗೊಣಗದೇ ಬೇರೆ ಅಂಗಡಿ ಹುಡುಕುತ್ತಾನೆ.

ಹಾಕುವ ಕ್ರಮವೂ ಮುಖ್ಯ. ಮೊದಲು ನೀರು, ಅದಕ್ಕೆ ಜಜ್ಜಿದ ಶುಂಠಿ, ಎರಡು-ಮೂರು ನಿಮಿಷ ಜೋರು ಕುದಿ. ನಂತರ ಪುಡಿ ಮತ್ತು ಸಕ್ಕರೆ, ಒಂದೆರಡು ನಿಮಿಷ. ಕೊನೆಗೆ ಬೇರೆ ಒಲೆಯಲ್ಲಿ ಕಾಯಿಸಿದ ಹಾಲು, ಎರಡು ಉಕ್ಕು, ಇಳಿಸಿ ಸೋಸುವುದು. ಅವಸರದಲ್ಲಿ ಹಸಿ ಶುಂಠಿಯನ್ನು ಹಾಲಿಗೇ ಹಾಕುವವರಿದ್ದಾರೆ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವಿದೆ. 60-70 ಡಿಗ್ರಿಯ ಬಿಸಿಯಲ್ಲಿ ಅದು ಚುರುಕಾಗಿ ಹಾಲನ್ನು ಒಡೆಯುತ್ತದೆ, ಕುದಿಯುವ ನೀರಿನಲ್ಲಿ ಬೆಂದರೆ ಸತ್ತುಹೋಗುತ್ತದೆ. ಹಾಲು ಒಡೆದರೆ ಹಾಲು ತಂದುಕೊಟ್ಟವನನ್ನು ಬೈಯುವ ಮೊದಲು ಶುಂಠಿ ಯಾವಾಗ ಬಿತ್ತೆಂದು ಕೇಳಬೇಕು. ಬೆಲ್ಲದ ಚಾದ ತೊಂದರೆಯೂ ಇಂಥದ್ದೇ: ಬೆಲ್ಲದಲ್ಲಿರುವ ಹುಳಿಯಂಶ ಕುದಿಯುವ ಹಾಲನ್ನು ಒಡೆಯುತ್ತದೆ. ಒಲೆ ಆರಿಸಿ, ಕುದಿ ತಣಿದ ಮೇಲೆ ಕರಗಿಸಿಟ್ಟ ಬೆಲ್ಲ ಬೆರೆಸುವವರ ಚಾ ಒಡೆಯುವುದಿಲ್ಲ.

ಹಾಲಿನ ವಿಷಯದಲ್ಲಿ ಎರಡು ಪಂಗಡ. ಒಂದು ನಂದಿನಿ ಪಾಕೀಟಿನದು; ಈ ಜಿಲ್ಲೆಗಳಿಗೆ ಅದನ್ನು ಪೂರೈಸುವುದು ಬಳ್ಳಾರಿಯಲ್ಲಿರುವ ನಮ್ಮ ಹಾಲು ಒಕ್ಕೂಟ. ಟೋನ್ಡ್ ಹಾಲಿನಲ್ಲಿ ಜಿಡ್ಡು ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5, ಫುಲ್ ಕ್ರೀಮ್‌ನಲ್ಲಿ ಶೇ 6. ಚಾಕ್ಕೆ ಶೇ 4.5ರ ಹಾಲು ಹದವಾಗಿ ಹೊಂದುತ್ತದೆ. ಟೋನ್ಡ್ ಹಾಲಾದರೆ ನೀರಿನ ಪಾಲು ಇಳಿಸಬೇಕು. ಇನ್ನೊಂದು ಪಂಗಡ ಹಳ್ಳಿಯಿಂದ ಕ್ಯಾನಿನಲ್ಲಿ ಬರುವ ಎಮ್ಮೆ ಹಾಲಿನದು. ಅದು ದಪ್ಪ ಮತ್ತು ಬಿಳುಪು, ಆದ್ದರಿಂದ ಅದೇ ಬಣ್ಣ ಬರಲು ಲೀಟರಿಗೆ ಎರಡು-ಮೂರು ಗ್ರಾಂ ಹೆಚ್ಚು ಪುಡಿ ಬೇಕು. ಇಷ್ಟು ಗೊತ್ತಿದ್ದು ಮಾಡಿದ ಎಮ್ಮೆ ಹಾಲಿನ ಚಾಕ್ಕೆ ಸಾಟಿಯಿಲ್ಲ. ತೊಂದರೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಬೆಳಿಗ್ಗೆ ಬಂದ ಹಾಲು ಫ್ರಿಜ್ ಇಲ್ಲದ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿಯತ್ತ ತಿರುಗುತ್ತದೆ. ಒಡೆಯದಿರಲೆಂದು ಕೆಲವರು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಸೋಡಾ ಬಿದ್ದ ಚಾ ಕೆಂಪು-ಕಂದಾಗಿ ಕಣ್ಣಿಗೆ ಖಡಕ್ ಕಾಣುತ್ತದೆ. ಬಾಯಿಗೆ ಹಾಕಿದರೆ ಒಗರೇ ಇಲ್ಲದ ಸಪ್ಪೆ, ಹಿಂದೆ ಸಾಬೂನು ನೆಕ್ಕಿದಂಥ ರುಚಿ. ಬಣ್ಣಕ್ಕೂ ರುಚಿಗೂ ಹೀಗೆ ತಾಳೆಯಾಗದಿದ್ದರೆ ಗ್ಲಾಸು ಕೆಳಗಿಟ್ಟು ಎದ್ದು ಬರುವುದು ಮೇಲು. ಹಾಲಿಗೆ ಸೋಡಾ ಬೆರೆಸುವುದು ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಲಬೆರಕೆಯೇ.

ನೀರಿನ ಬಗ್ಗೆ ಗಿರಾಕಿಗಳು ಕೇಳುವುದೇ ಕಡಿಮೆ. ನಮ್ಮ ಸೀಮೆಯಲ್ಲಿ ಮೊದಲು ಕೇಳಬೇಕಾದ್ದೇ ಅದು. ರಾಯಚೂರು, ಕೊಪ್ಪಳ ಜಿಲ್ಲೆಗಳ ಹಲವು ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿ.ಗ್ರಾಂ ಮೀರಬಾರದೆಂಬುದು ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಚಾ ಗಿಡವೂ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಇಟ್ಟುಕೊಳ್ಳುವ ಗಿಡವೇ. ದಿನಕ್ಕೆ ಐದಾರು ಚಾ ಕುಡಿಯುವವರು ಇದನ್ನು ಯೋಚಿಸಬೇಕು. ರುಚಿಗೂ ಗಡಸು ನೀರು ಒಳ್ಳೆಯದಲ್ಲ. ಪಾತೇಲಿಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿದ್ದರೆ, ಹಾಲಿಲ್ಲದ ಡಿಕಾಕ್ಷನ್ ಮೇಲೆ ಎಣ್ಣೆ ಹರಡಿದಂಥ ತೆಳು ಪದರ ಕಂಡರೆ, ನೀರು ಗಡಸು ಎಂದು ತಿಳಿಯಿರಿ. ಅಂಥ ನೀರಿನಲ್ಲಿ ಪುಡಿ ಎಷ್ಟು ಹಾಕಿದರೂ ಬಣ್ಣ ಮಂಕು. ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನನ್ನು ಕುಡಿಯಲು ಮಾತ್ರವಲ್ಲ, ಚಾಕ್ಕೂ ಬಳಸುವ ಅಂಗಡಿಗಳಿವೆ. ಅಲ್ಲಿ ಅದೇ ಪುಡಿಯ ಚಾಕ್ಕೆ ಬೇರೆಯೇ ಕಳೆ. "ಅಣ್ಣಾ, ಚಾಕ್ಕ ಯಾವ ನೀರು ಹಾಕ್ತೀರಿ?" ಎಂದು ಕೇಳಿದರೆ ಒಳ್ಳೆಯ ಮಾಲಕರು ಬೇಸರ ಮಾಡಿಕೊಳ್ಳುವುದಿಲ್ಲ, ಕ್ಯಾನ್ ತೋರಿಸುತ್ತಾರೆ.

ಸೋಸುವ ಅರಿವೆಯನ್ನು ಹತ್ತಿರದಿಂದ ನೋಡಿ. ಡಸ್ಟ್ ಪುಡಿ ಸ್ಟೀಲ್ ಜಾಲರಿಯಲ್ಲಿ ಪೂರ್ತಿ ನಿಲ್ಲುವುದಿಲ್ಲ, ಗ್ಲಾಸಿನ ತಳದಲ್ಲಿ ಗಸಿ ಉಳಿಯುತ್ತದೆ. ಹಾಗಾಗಿ ಅರಿವೆ ಬೇಕು. ಆದರೆ ಹಾಲು ಕುಡಿದ ಹಸಿ ಅರಿವೆ ಬಿಸಿಲು ನಾಡಿನಲ್ಲಿ ಎರಡು ತಾಸಿನಲ್ಲಿ ನಾರುತ್ತದೆ, ಆ ನಾತ ನೇರ ಚಾಕ್ಕೆ ಇಳಿಯುತ್ತದೆ. ಎರಡು ಅರಿವೆ ಇಟ್ಟುಕೊಂಡು, ಒಂದನ್ನು ಬಿಸಿನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕುವವರು ಇದ್ದಾರೆ. ಅಂಥವರು ಉಳಿದ ಕೆಲಸದಲ್ಲೂ ಚೊಕ್ಕ ಇರುತ್ತಾರೆ. ಗ್ಲಾಸು ತೊಳೆಯಲು ಒಂದೇ ಬಕೆಟ್ಟು ಇದ್ದರೆ ಹಿಂದಿನವರ ಹಾಲಿನ ಜಿಡ್ಡೇ ನಿಮ್ಮ ಗ್ಲಾಸಿಗೂ ಬರುತ್ತದೆ. ಖಾಲಿ ಗ್ಲಾಸು ಬೆಳಕಿಗೆ ಹಿಡಿದರೆ ಮಸುಕು ಉಂಗುರ ಕಾಣುತ್ತದೆ. ನಲ್ಲಿಯ ಕೆಳಗೆ ತೊಳೆದು ಕೊನೆಗೆ ಬಿಸಿನೀರು ಹಾಯಿಸಿದ ದಪ್ಪ ತಳದ ಗಾಜಿನ ಗ್ಲಾಸು, ಇಲ್ಲವೇ ಕಪ್ಪು-ಬಶಿ, ಇವೆರಡೇ ಸರಿ. ಕಾಗದದ ಕಪ್ಪಿನ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರವಿರುತ್ತದೆ. ಐಐಟಿ ಖರಗ್‌ಪುರದ ಸಂಶೋಧಕರು 85-90 ಡಿಗ್ರಿಯ 100 ಮಿ.ಲೀ. ಬಿಸಿ ದ್ರವವನ್ನು ಅಂಥ ಕಪ್ಪಿನಲ್ಲಿ 15 ನಿಮಿಷ ಇಟ್ಟು ನೋಡಿದಾಗ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಬಿಟ್ಟುಕೊಂಡಿದ್ದವು. ಬಶಿಗೆ ಸುರಿದು ಆರಿಸಿ ಕುಡಿಯುವ ಹಿರಿಯರಿಗೆ ಕಾಗದದ ಕಪ್ಪು ಕೊಡುವ ಅಂಗಡಿಯನ್ನು ಹಳೇ ನಮೂನೆಯದು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ರಾಯಚೂರಿನ ಮಾತು ಸ್ವಲ್ಪ ಬೇರೆ. 1948ರವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದ್ ರಾಜ್ಯ. ಆ ನಂಟು ಇಲ್ಲಿನ ಚಾದಲ್ಲಿ ಇನ್ನೂ ಇದೆ. ಹೈದರಾಬಾದಿನಲ್ಲಿ ಹೆಸರಾದ ಇರಾನಿ ಚಾ ಇಲ್ಲೂ ಸಿಗುತ್ತದೆ. ಅದರಲ್ಲಿ ಡಿಕಾಕ್ಷನ್ ಬೇರೆ, ಹಾಲು ಬೇರೆ. ಪುಡಿ-ನೀರಿನ ಪಾತ್ರೆಯ ಬಾಯಿಗೆ ಅರಿವೆ ಅಥವಾ ಕಲಸಿದ ಹಿಟ್ಟು ಮೆತ್ತಿ ಸಣ್ಣ ಉರಿಯಲ್ಲಿ ಅರ್ಧ ತಾಸು ದಮ್ ಕೊಡುತ್ತಾರೆ. ಘಮ ಆವಿಯ ಜೊತೆ ಹೊರಗೆ ಹೋಗುವುದಿಲ್ಲ, ಹಾಲು ಸೇರದ್ದರಿಂದ ಹೆಚ್ಚು ಹೊತ್ತು ಬೆಂದರೂ ಸೀದ ವಾಸನೆ ಬರುವುದಿಲ್ಲ. ಹಾಲನ್ನು ಇನ್ನೊಂದು ಕಡೆ ಮುಕ್ಕಾಲಿಗೆ ಇಳಿಯುವಷ್ಟು ಕಾಯಿಸುತ್ತಾರೆ, ಕೆಲವರು ಖೋವಾ ಬೆರೆಸುತ್ತಾರೆ. ಕಪ್ಪಿಗೆ ಮೊದಲು ಡಿಕಾಕ್ಷನ್, ಮೇಲೆ ಹಾಲು, ನಿಮ್ಮ ಕಣ್ಣೆದುರೇ ಸುರಿಯಬೇಕು. ಎರಡನ್ನೂ ಬೆರೆಸಿ ಕಿಟ್ಲಿಯಲ್ಲಿಟ್ಟು ಅದರ ಮೇಲೆ ಇರಾನಿ ಎಂದು ಬರೆದರೆ ಅದು ಮಾಮೂಲಿ ಚಾವೇ. ಖೋವಾದ ಬದಲು ಹಾಲಿನ ಪುಡಿ ಹಾಕಿದ್ದರೆ ನಾಲಿಗೆಗೆ ನುಣುಪು ಸಿಗುವುದಿಲ್ಲ, ಕಪ್ಪಿನ ತಳದಲ್ಲಿ ಹಿಟ್ಟಿನಂಥ ಗಸಿ ಸಿಗುತ್ತದೆ. ಇದರ ಜೊತೆ ಉಸ್ಮಾನಿಯಾ ಬಿಸ್ಕಿಟ್ಟು, ಸಿಹಿ-ಉಪ್ಪು ಎರಡೂ ಇರುವುದು, ಚೆನ್ನಾಗಿ ಕೂಡುತ್ತದೆ. ಊರಿನ ತೀನ್ ಕಂದೀಲ್ ವೃತ್ತದ ಸುತ್ತಮುತ್ತ ಸಂಜೆ ಓಡಾಡಿದರೆ ಎರಡೂ ನಮೂನೆಯನ್ನು ಹೋಲಿಸಿ ನೋಡಬಹುದು. 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿಯಲ್ಲಿ ಚಾದ ಪಕ್ಕದಲ್ಲೇ ಫಿಲ್ಟರ್ ಕಾಫಿಯೂ ಗಟ್ಟಿಯಾಗಿ ಕೂತಿದೆ.

ಬಳ್ಳಾರಿ, ಕೊಪ್ಪಳದಲ್ಲಿ ಚಾದಂಗಡಿ ಎಂದರೆ ಒಗ್ಗರಣೆ-ಮಿರ್ಚಿಯೂ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ, ಇರಬೇಕು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಬೇಕು, ಬಿಟ್ಟರೆ ಮುದ್ದೆಯಾಗುತ್ತದೆ. ಮೇಲೆ ಉದುರಿಸುವ ಪುಟಾಣಿ ಹಿಟ್ಟು ಉಳಿದ ನೀರನ್ನು ಹೀರಿ ಬಿಡಿಬಿಡಿ ಮಾಡುತ್ತದೆ. ಮಿರ್ಚಿಯಲ್ಲಿ ನೋಡಬೇಕಾದ್ದು ಎಣ್ಣೆ. ಬಾಣಲೆಯಲ್ಲಿ ಎಣ್ಣೆ ಕಪ್ಪಾಗಿ, ನೊರೆ ಇಳಿಯದೆ ನಿಂತಿದ್ದರೆ, ಹೊಗೆ ಕಣ್ಣಿಗೆ ಹತ್ತುತ್ತಿದ್ದರೆ ಅದು ನಿನ್ನೆಯ ಎಣ್ಣೆ. ಮಿರ್ಚಿಯನ್ನು ಹಳೇ ಪೇಪರಿನಲ್ಲಿ ಕಟ್ಟಿದರೆ ಬಿಸಿ ಎಣ್ಣೆಗೆ ಮಸಿ ಬಿಡುತ್ತದೆ. ತಟ್ಟೆ ಅಥವಾ ಎಲೆ ಕೇಳಿ ಪಡೆಯಿರಿ.

ಕೂರುವ ಜಾಗಕ್ಕೆ ಬಂದರೆ, ಬೆಂಚು, ನೆರಳು, ಕೇಳದೇ ಬರುವ ಒಂದು ಲೋಟ ನೀರು, ಇಷ್ಟು ಸಾಕು. ಎಪಿಎಂಸಿ ಹತ್ತಿರದ ಅಂಗಡಿಗಳು ಹಮಾಲರು ಬರುವ ನಸುಕಿಗೇ ತೆರೆದಿರಬೇಕು. ಹೆಣ್ಣುಮಕ್ಕಳು ಒಬ್ಬರೇ ಬಂದು ಕೂತು ಚಾ ಕುಡಿಯುವಂತಿದೆಯೇ ಎಂಬುದಕ್ಕೆ ಈ ಮೂರೂ ಊರಿನ ಬಹುಪಾಲು ಅಂಗಡಿಗಳಿಗೆ ನಾನು ಕಡಿಮೆ ಅಂಕ ಕೊಡುತ್ತೇನೆ. ಬಾಗಿಲಲ್ಲೇ ಗುಂಪು ನಿಂತು ಬೀಡಿ-ಸಿಗರೇಟು ಸೇದಿದರೆ ಅವರು ಒಳಗೆ ಬರುವುದಾದರೂ ಹೇಗೆ? ಇನ್ನು ಗ್ಲಾಸಿನ ಮಾತು. ಊರಾಚೆಗಿನ ಕೆಲವು ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ, ಹೊರಗೇ ನಿಲ್ಲಿಸಿ ಚಾ ಕೊಡುವ ಪದ್ಧತಿ ಪೂರ್ತಿ ಹೋಗಿಲ್ಲ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಂತೆ ಅದು ಶಿಕ್ಷಾರ್ಹ ಅಪರಾಧ. ಅಲ್ಲಿ ಚಾ ಎಷ್ಟೇ ರುಚಿಯಿರಲಿ ಕುಡಿಯಬೇಡಿ.

ಪಾರ್ಸೆಲ್ ಒಯ್ಯುವವರಿಗೆ ಒಂದೆರಡು ಮಾತು. ಪ್ಲಾಸ್ಟಿಕ್ ಚೀಲದಲ್ಲಿ ಕುದಿಯುವ ಚಾ ಕಟ್ಟಿಸಿಕೊಳ್ಳಬೇಡಿ. ಮನೆಯಿಂದ ಸ್ಟೀಲ್ ಫ್ಲಾಸ್ಕ್ ಒಯ್ಯಿರಿ, ಅಂಗಡಿಯಲ್ಲೇ ಒಂದು ಲೋಟ ಬಿಸಿನೀರು ಹಾಕಿಸಿ ಕುಲುಕಿ ಚೆಲ್ಲಿ, ಆಮೇಲೆ ಚಾ ತುಂಬಿಸಿ. ತಣ್ಣನೆಯ ಫ್ಲಾಸ್ಕಿಗೆ ಸುರಿದರೆ ಮೊದಲ ಕ್ಷಣದಲ್ಲೇ ಬಿಸಿ ಇಳಿಯುತ್ತದೆ. ಶುಂಠಿ ಚಾ ಫ್ಲಾಸ್ಕಿನಲ್ಲಿ ಅರ್ಧ ತಾಸಿಗಿಂತ ಹೆಚ್ಚು ಚಲೋ ಇರುವುದಿಲ್ಲ. ದೂರ ಒಯ್ಯಬೇಕಾದರೆ ಡಿಕಾಕ್ಷನ್ ಮತ್ತು ಹಾಲನ್ನು ಬೇರೆ ಬೇರೆ ಹಾಕಿಸಿಕೊಳ್ಳಿ. ಫ್ಲಾಸ್ಕಿನ ಮುಚ್ಚಳದ ರಬ್ಬರ್ ಉಂಗುರವನ್ನು ಪ್ರತಿ ಸಲ ಬಿಚ್ಚಿ ತೊಳೆಯಿರಿ. ಅದರ ಸಂದಿಯಲ್ಲಿ ಉಳಿದ ಹಾಲು ಮರುದಿನದ ಚಾವನ್ನು ಕೆಡಿಸುತ್ತದೆ, ಬೈಗಳು ಮಾತ್ರ ಅಂಗಡಿಯವರಿಗೆ ಬೀಳುತ್ತದೆ.