ಎಳೆಯರನ್ನು ಕೊಟ್ಟು ಸ್ಟಾರ್ ತರುವ ಲೆಕ್ಕ: ‘ಬೇಸ್‌ಬಾಲ್ ಟ್ರೇಡ್ ವ್ಯಾಲ್ಯೂಸ್’ ಎಷ್ಟು ನಂಬಬಹುದು?

ಮೇಜರ್ ಲೀಗ್ ಬೇಸ್‌ಬಾಲ್ ಅಭಿಮಾನಿಗಳಲ್ಲಿ ಜುಲೈ ತಿಂಗಳಿಡೀ ನಡೆಯುವ ವಾದ ಒಂದೇ. ಮೈನರ್ ಲೀಗಿನಲ್ಲಿ ಬೆಳೆಯುತ್ತಿರುವ ಹುಡುಗರನ್ನು ಕೊಟ್ಟು, ಆಗಲೇ ಹೆಸರು ಮಾಡಿರುವ ಸ್ಟಾರ್ ಒಬ್ಬನನ್ನು ತರಬೇಕೇ, ಬೇಡವೇ? ಈ ವಾದಕ್ಕೆ ಅಂಕಿ ಒದಗಿಸುವ ಸೇವೆ ‘ಬೇಸ್‌ಬಾಲ್ ಟ್ರೇಡ್ ವ್ಯಾಲ್ಯೂಸ್’. ಮೂವತ್ತು ತಂಡಗಳ ಆಟಗಾರರಿಗೂ ಅವುಗಳ ಪ್ರಾಸ್ಪೆಕ್ಟ್‌ಗಳಿಗೂ (ಮೈನರ್ ಲೀಗಿನ ಭರವಸೆಯ ಎಳೆಯರಿಗೂ) ಮಿಲಿಯನ್ ಡಾಲರ್ ಲೆಕ್ಕದಲ್ಲಿ ಅದು ಬೆಲೆ ಕಟ್ಟುತ್ತದೆ. ಅದರ ಸಿಮ್ಯುಲೇಟರ್‌ನಲ್ಲಿ ತಂಡಗಳನ್ನು ಆರಿಸಿ, ಎರಡೂ ಕಡೆ ಹೆಸರು ಸೇರಿಸಿದರೆ, ಆ ಟ್ರೇಡ್ ಒಪ್ಪುವಂಥದ್ದೋ ಅಲ್ಲವೋ ಎಂದು ಹೇಳುತ್ತದೆ. ಹಗಲುಗನಸಿನ ಪ್ರಸ್ತಾಪಗಳನ್ನು ನಿಲ್ಲಿಸುವುದರಲ್ಲಿ ಇದು ಬಹಳ ಒಳ್ಳೆಯ ಸಾಧನ. ಆದರೆ ಅದು ಹೇಳುವುದು ಎರಡು ಕಡೆಯ ತೂಕ ಸಮವೇ ಎಂಬುದನ್ನು ಮಾತ್ರ. ಟ್ರೇಡ್ ಮಾಡಬೇಕೇ ಎಂಬ ಪ್ರಶ್ನೆ ಅಲ್ಲಿಂದ ಆಚೆಗೆ ಶುರುವಾಗುತ್ತದೆ, ಬಹುಪಾಲು ಬಳಕೆದಾರರು ಅಲ್ಲಿಗೇ ನಿಲ್ಲುತ್ತಾರೆ.

ಲೆಕ್ಕದ ಬುಡ ಸರಳ. ಆಟಗಾರ ತಂಡದ ಹಿಡಿತದಲ್ಲಿರುವಷ್ಟು ವರ್ಷ ಮೈದಾನದಲ್ಲಿ ಕೊಡಬಹುದಾದ ಆಟದ ಬೆಲೆಯಿಂದ ಅವನ ಸಂಬಳ ಕಳೆದರೆ ಉಳಿಯುವುದೇ ಹೆಚ್ಚುವರಿ ಮೌಲ್ಯ. ಆಟವನ್ನು ಅಳೆಯುವುದು ‘ವಾರ್’ ಎಂಬ ಅಂಕಿಯಿಂದ. ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಇವನು ಎಷ್ಟು ಗೆಲುವು ಹೆಚ್ಚಾಗಿ ತಂದುಕೊಡುತ್ತಾನೆ ಎಂಬುದನ್ನು ಅದು ಹೇಳುತ್ತದೆ. ಫ್ರೀ ಏಜೆಂಟ್ (ಯಾವ ತಂಡದ ಹಿಡಿತದಲ್ಲೂ ಇಲ್ಲದ ಆಟಗಾರರ) ಮಾರುಕಟ್ಟೆಯಲ್ಲಿ ಒಂದು ವಾರ್‌ಗೆ 8 ಮಿಲಿಯನ್ ಡಾಲರ್ ಎಂದು ಹಿಡಿಯೋಣ. ವರ್ಷಕ್ಕೆ 5 ವಾರ್ ಕೊಡುವ ಸ್ಟಾರ್ ಒಬ್ಬ ಇನ್ನೆರಡು ವರ್ಷ ತಂಡದ ಕೈಯಲ್ಲಿದ್ದಾನೆ, ಆರ್ಬಿಟ್ರೇಷನ್‌ನಲ್ಲಿ, ಅಂದರೆ ಸಂಬಳ ತೀರ್ಮಾನಿಸುವ ಮಧ್ಯಸ್ಥಿಕೆಯಲ್ಲಿ, ಅವನ ಸಂಬಳ ಮೊದಲ ವರ್ಷ 12, ಎರಡನೆಯ ವರ್ಷ 18 ಮಿಲಿಯನ್ ಆಗಬಹುದು. ಆಟದ ಬೆಲೆ 80, ಸಂಬಳ 30, ಉಳಿದದ್ದು 50 ಮಿಲಿಯನ್. ಅದೇ ಆಟಗಾರನಿಗೆ ವರ್ಷಕ್ಕೆ 40 ಮಿಲಿಯನ್ ಸಂಬಳವಿದ್ದರೆ ಉಳಿಯುವುದು ಸೊನ್ನೆ. ಆಟ ಒಂದಿಷ್ಟೂ ಬದಲಾಗಿಲ್ಲ, ಟ್ರೇಡ್ ಬೆಲೆ ಮಾತ್ರ ಮಾಯ. ದೊಡ್ಡ ಹೆಸರಿನ ಎದುರು ಋಣ ಸಂಖ್ಯೆ ಕಂಡು ಹೊಸಬರು ಗಾಬರಿಯಾಗುವುದು ಇಲ್ಲಿಯೇ. ಅದು ತಪ್ಪಲ್ಲ, ಕರಾರು ಭಾರವಾಗಿದೆ ಎಂದಷ್ಟೇ ಅರ್ಥ.

ಪ್ರಾಸ್ಪೆಕ್ಟ್‌ಗಳ ಬೆಲೆ ಏರುವುದೂ ಇದೇ ಕಾರಣಕ್ಕೆ. ಮೇಜರ್ ಲೀಗಿಗೆ ಬಂದವನು ಪೂರ್ತಿ ಆರು ವರ್ಷದ ಸೇವೆ ಮುಗಿಸುವ ತನಕ ತಂಡದ ಹಿಡಿತದಲ್ಲಿರುತ್ತಾನೆ. ರೋಸ್ಟರ್‌ನಲ್ಲಿ, ಅಂದರೆ ತಂಡದ ಆಟಗಾರರ ಪಟ್ಟಿಯಲ್ಲಿ, 172 ದಿನ ಇದ್ದರೆ ಒಂದು ವರ್ಷದ ಸೇವೆ. ಮೊದಲ ಮೂರು ವರ್ಷ ಸಂಬಳ ಕನಿಷ್ಠ ಮಟ್ಟದ ಆಸುಪಾಸು, 2025ರಲ್ಲಿ ಅದು 7,60,000 ಡಾಲರ್. ವರ್ಷಕ್ಕೆ ಬರೀ 2 ವಾರ್ ಕೊಡುವ ಸಾಧಾರಣ ಹುಡುಗನೂ ಆ ಮೂರು ವರ್ಷ ತಲಾ 15 ಮಿಲಿಯನ್ ಡಾಲರ್ ಉಳಿಸಿಕೊಡುತ್ತಾನೆ. ಆ ಹಣ ಬೇರೆ ಕಡೆ ಖರ್ಚಿಗೆ ಸಿಗುತ್ತದೆ. ಬೇಸ್‌ಬಾಲ್ ಕಚೇರಿಗಳು ಎಳೆಯರನ್ನು ಬಿಗಿಯಾಗಿ ಹಿಡಿದುಕೊಳ್ಳುವುದಕ್ಕೆ ಭಾವುಕತೆ ಕಾರಣವಲ್ಲ.

ಸಾಧನದ ಮೊದಲ ದೊಡ್ಡ ಕೊರತೆ ಕೂಡಿಸುವಿಕೆಯಲ್ಲಿದೆ. ಇದನ್ನು ಅರಿಯಲು ಅಂಕಿಅಂಶದ ಜಾಲತಾಣ ಫ್ಯಾನ್‌ಗ್ರಾಫ್ಸ್‌ನ ಪ್ರಾಸ್ಪೆಕ್ಟ್ ಪಟ್ಟಿ ‘ದಿ ಬೋರ್ಡ್’ ಪಕ್ಕದಲ್ಲಿ ತೆರೆದಿರಬೇಕು. ಅಲ್ಲಿ ಪ್ರತಿ ಪ್ರಾಸ್ಪೆಕ್ಟ್‌ಗೂ 20ರಿಂದ 80ರ ಅಳತೆಯಲ್ಲಿ ‘ಎಫ್‌ವಿ’ (ಫ್ಯೂಚರ್ ವ್ಯಾಲ್ಯೂ, ಮುಂದಿನ ಮೌಲ್ಯ) ದರ್ಜೆ ಇರುತ್ತದೆ. 50 ಅಂದರೆ ದಿನವೂ ಆಡಬಲ್ಲ ಸರಾಸರಿ ಆಟಗಾರ, 60 ಅಂದರೆ ಆಲ್-ಸ್ಟಾರ್ ಮಟ್ಟದ ಹತ್ತಿರ, 40 ಅಂದರೆ ಬೆಂಚಿನವನು. 2018ರ ಕೊನೆಯಲ್ಲಿ ಫ್ಯಾನ್‌ಗ್ರಾಫ್ಸ್ ಈ ದರ್ಜೆಗಳನ್ನು ಡಾಲರ್‌ಗೆ ಇಳಿಸಿದಾಗ 60ರ ಬ್ಯಾಟರ್‌ಗೆ 55 ಮಿಲಿಯನ್, 50ರ ಬ್ಯಾಟರ್‌ಗೆ 28, 45ರವನಿಗೆ ಕೇವಲ 6 ಬಂತು. ಇಂದು ಡಾಲರ್ ಅಂಕಿಗಳು ಬದಲಾಗುತ್ತವೆ, ಇಳಿಜಾರಿನ ಆಕಾರವೇ ಮುಖ್ಯ: ದರ್ಜೆ ಐದು ಅಂಕ ಇಳಿದರೆ ಬೆಲೆ ಐದನೇ ಒಂದು ಭಾಗಕ್ಕೆ ಬೀಳಬಹುದು.

ಈಗ ಮೇಲಿನ 50 ಮಿಲಿಯನ್ ಸ್ಟಾರ್‌ಗೆ ಬದಲು ಏನು ಕೊಡಬಹುದು? 60ರ ಒಬ್ಬ ಬ್ಯಾಟರ್, ಇಲ್ಲವೇ 50ರ ಇಬ್ಬರು, ಇಲ್ಲವೇ 45ರ ಒಂಬತ್ತು ಮಂದಿ. ಕೂಡಿಸಿದರೆ ಮೂರೂ ಹೆಚ್ಚುಕಡಿಮೆ ಒಂದೇ. ಮಾರುವ ತಂಡದ ಪಾಲಿಗೆ ಮೂರನೆಯದು ಪ್ರಸ್ತಾಪವೇ ಅಲ್ಲ. ಒಂಬತ್ತು ಮಂದಿಯಲ್ಲಿ ಹೆಚ್ಚಿನವರು 40 ಜನರ ರೋಸ್ಟರ್‌ನಲ್ಲಿ ಜಾಗ ಕೇಳುತ್ತಾರೆ. ಆ ಜಾಗ ಕೊಡದಿದ್ದರೆ ಡಿಸೆಂಬರಿನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ತಂಡ ಎತ್ತಿಕೊಂಡು ಹೋಗುತ್ತದೆ. ಅಂಗಳದಲ್ಲಿ ಸ್ಥಾನ ಇರುವುದು ಒಂಬತ್ತೇ, ಒಂದು ಸ್ಥಾನದಿಂದ 5 ವಾರ್ ಬರುವುದೂ ಐದು ಸ್ಥಾನಗಳಿಂದ ತಲಾ 1 ವಾರ್ ಬರುವುದೂ ಒಂದೇ ಅಲ್ಲ. ಹೀಗಾಗಿ ಸಿಮ್ಯುಲೇಟರ್ ‘ಸಮ’ ಎಂದರೂ, ಪ್ಯಾಕೇಜಿನ ಒಟ್ಟು ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಒಬ್ಬ ಅಥವಾ ಇಬ್ಬರಿಂದ ಬರದಿದ್ದರೆ ಅದನ್ನು ನಂಬಬೇಡಿ. 2025ರ ಜುಲೈ 31ರಂದು ಸ್ಯಾನ್ ಡಿಯೇಗೊ ಪ್ಯಾಡ್ರೇಸ್ ತಂಡ ಅಥ್ಲೆಟಿಕ್ಸ್‌ನಿಂದ ಕ್ಲೋಸರ್ (ಪಂದ್ಯದ ಕೊನೆಯಲ್ಲಿ ಎಸೆಯುವ ಪಿಚರ್) ಮೇಸನ್ ಮಿಲ್ಲರ್‌ನನ್ನು ತರುವಾಗ ಮಧ್ಯಮ ದರ್ಜೆಯ ಪಿಚರ್‌ಗಳನ್ನಷ್ಟೇ ಕೊಟ್ಟು ಪಾರಾಗಲು ಆಗಲಿಲ್ಲ. ತಂಡದ ಅಗ್ರ ಪ್ರಾಸ್ಪೆಕ್ಟ್, ಹದಿನೆಂಟು ವರ್ಷದ ಶಾರ್ಟ್‌ಸ್ಟಾಪ್ ಲಿಯೊ ಡಿ ವ್ರೀಸ್‌ನನ್ನೇ ಬಿಟ್ಟುಕೊಡಬೇಕಾಯಿತು.

ಎರಡನೆಯ ಕೊರತೆ ಇನ್ನೂ ಆಳದ್ದು. ಸಾಧನಕ್ಕೆ ಒಂದು ಗೆಲುವೆಂದರೆ ಒಂದು ಗೆಲುವು, ಯಾವ ತಂಡದ್ದಾದರೂ ಸರಿ. ನಿಜದಲ್ಲಿ 65 ಗೆಲುವಿನ ತಂಡ 68ಕ್ಕೆ ಏರಿದರೆ ಏನೂ ಆಗುವುದಿಲ್ಲ. 86ರ ತಂಡ 89ಕ್ಕೆ ಏರಿದರೆ ಪ್ಲೇಆಫ್ ಬಾಗಿಲು ತೆರೆಯಬಹುದು. 2022ರಿಂದ ಹನ್ನೆರಡು ತಂಡಗಳಿಗೆ ಪ್ಲೇಆಫ್ ಅವಕಾಶವಿದೆ, ಪ್ರತಿ ಲೀಗಿನ ಮೇಲಿನ ಇಬ್ಬರು ವಿಭಾಗ ವಿಜೇತರು ಮೂರು ಪಂದ್ಯಗಳ ಮೊದಲ ಸುತ್ತನ್ನು ಆಡಬೇಕಿಲ್ಲ. ಈ ಎರಡು ಹೊಸ್ತಿಲುಗಳ ಹತ್ತಿರ ನಿಂತಿರುವ ತಂಡಕ್ಕೆ ಒಂದು ವಾರ್‌ನ ಬೆಲೆ ಬೇರೆಯವರಿಗೆ ಇರುವುದಕ್ಕಿಂತ ಎಷ್ಟೋ ಹೆಚ್ಚು.

ಇತಿಹಾಸದ ಎರಡು ಕುಖ್ಯಾತ ಟ್ರೇಡ್‌ಗಳನ್ನು ಒಟ್ಟಿಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡ ಹಿರಿಯ ಪಿಚರ್ ಡಾಯ್ಲ್ ಅಲೆಕ್ಸಾಂಡರ್‌ಗಾಗಿ ಮೈನರ್ ಲೀಗಿನ ಡಬಲ್-ಎ ಮಟ್ಟದಲ್ಲಿ (ಮೇಜರ್ ಲೀಗಿಗಿಂತ ಎರಡು ಹಂತ ಕೆಳಗೆ) ಒದ್ದಾಡುತ್ತಿದ್ದ ಇಪ್ಪತ್ತು ವರ್ಷದ ಜಾನ್ ಸ್ಮೋಲ್ಟ್ಸ್‌ನನ್ನು ಅಟ್ಲಾಂಟಾಗೆ ಕೊಟ್ಟಿತು. ಸ್ಮೋಲ್ಟ್ಸ್ 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 1990ರ ಆಗಸ್ಟ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ ರಿಲೀವರ್ (ಪಂದ್ಯದ ನಡುವೆ ಬರುವ ಬದಲಿ ಪಿಚರ್) ಲ್ಯಾರಿ ಆಂಡರ್ಸನ್‌ಗಾಗಿ ಜೆಫ್ ಬ್ಯಾಗ್‌ವೆಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಅವನೂ 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಎರಡನ್ನೂ ಒಂದೇ ಗಂಟಿಗೆ ಕಟ್ಟುವುದು ಅನ್ಯಾಯ. ಅಲೆಕ್ಸಾಂಡರ್ 9-0 ಗೆಲುವು-ಸೋಲಿನ ದಾಖಲೆಯಲ್ಲಿ, 1.53 ಇಆರ್‌ಎಯಲ್ಲಿ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ) ಎಸೆದ. ಟೈಗರ್ಸ್ ಟೊರಾಂಟೊಗಿಂತ ಬರೀ ಎರಡು ಪಂದ್ಯ ಮುಂದಿದ್ದು ವಿಭಾಗ ಗೆದ್ದಿತು, ಅವನಿಲ್ಲದೆ ಗೆಲ್ಲುತ್ತಿರಲಿಲ್ಲ. ಬಾಸ್ಟನ್ ಕೂಡ ಎರಡೇ ಪಂದ್ಯದ ಅಂತರದಲ್ಲಿ ವಿಭಾಗ ಗೆದ್ದಿತು, ಆದರೆ ಆಂಡರ್ಸನ್ ಅಲ್ಲಿ ಎಸೆದದ್ದು 22 ಇನಿಂಗ್ಸ್ ಮಾತ್ರ. ಅದೂ ಬ್ಯಾಗ್‌ವೆಲ್ ಆಗ ಡಬಲ್-ಎಯಲ್ಲಿ .333 ಬ್ಯಾಟಿಂಗ್ ಸರಾಸರಿಯಲ್ಲಿ ಹೊಡೆಯುತ್ತಿದ್ದ. ಮೊದಲನೆಯದು ದುಬಾರಿ, ಆದರೆ ಸಮರ್ಥಿಸಬಹುದಾದ ಟ್ರೇಡ್. ಎರಡನೆಯದು ಆ ದಿನದ ಅಂಕಿಗಳಲ್ಲೇ ತಪ್ಪು.

2016ರ ಶಿಕಾಗೊ ಕಬ್ಸ್ ಈ ತಕ್ಕಡಿಯ ಇನ್ನೊಂದು ತುದಿ. ಎರಡು ತಿಂಗಳಿಗಷ್ಟೇ ಸಿಗುವ ಕ್ಲೋಸರ್ ಅರೋಲ್ಡಿಸ್ ಚಾಪ್‌ಮನ್‌ಗಾಗಿ ಗ್ಲೇಬರ್ ಟೋರೆಸ್ ಸೇರಿ ನಾಲ್ವರನ್ನು ಯಾಂಕೀಸ್‌ಗೆ ಕೊಟ್ಟರು. ಹೆಚ್ಚುವರಿ ಮೌಲ್ಯದ ಲೆಕ್ಕದಲ್ಲಿ ಇದು ದೊಡ್ಡ ನಷ್ಟದ ಟ್ರೇಡ್. ಟೋರೆಸ್ ಮುಂದೆ 2018 ಮತ್ತು 2019ರಲ್ಲಿ ಆಲ್-ಸ್ಟಾರ್ ಆದ. ಕಬ್ಸ್ 1908ರ ನಂತರ ಮೊದಲ ಬಾರಿ ವರ್ಲ್ಡ್ ಸೀರೀಸ್ ಗೆದ್ದಿತು. ಚಾಪ್‌ಮನ್ ಏಳನೇ ಪಂದ್ಯದಲ್ಲಿ ಮುನ್ನಡೆ ಬಿಟ್ಟುಕೊಟ್ಟದ್ದು ನಿಜ, ಐದನೇ ಪಂದ್ಯದಲ್ಲಿ ಕೊನೆಯ ಎಂಟು ಔಟ್‌ಗಳನ್ನು ಪಡೆದು ಸರಣಿ ಉಳಿಸಿದವನೂ ಅವನೇ. ಯಾವ ಸಿಮ್ಯುಲೇಟರ್‌ನಲ್ಲೂ ಆ ಟ್ರೇಡ್ ಪಾಸಾಗುವುದಿಲ್ಲ. ಕಬ್ಸ್ ಅಭಿಮಾನಿ ಯಾರೂ ಅದನ್ನು ವಾಪಸ್ ಕೇಳುವುದಿಲ್ಲ.

ಹಾಗಾದರೆ ಇದನ್ನು ಬಳಸುವ ಕ್ರಮವೇನು? ಮೊದಲು ಎರಡೂ ಕಡೆಯ ಹೆಸರು ಹಾಕಿ ಅಂತರ ನೋಡಿ. ನಿಮ್ಮ ಪ್ರಸ್ತಾಪ ಅರ್ಧ ಬೆಲೆಗೂ ಮುಟ್ಟದಿದ್ದರೆ ಅಲ್ಲಿಗೆ ಬಿಡಿ. ಮುಟ್ಟಿದರೆ ಪ್ರತಿ ಪ್ರಾಸ್ಪೆಕ್ಟ್‌ನನ್ನು ‘ದಿ ಬೋರ್ಡ್’ನಲ್ಲಿ ತೆರೆದು ಎಫ್‌ವಿ, ಮೇಜರ್ ಲೀಗಿಗೆ ಬರುವ ಅಂದಾಜು ವರ್ಷ, ಹಿಟ್ ಮತ್ತು ಪವರ್ ದರ್ಜೆಗಳನ್ನು ಓದಿ. ಪ್ರತಿ ದರ್ಜೆಗೂ ಎರಡು ಅಂಕಿ ಇರುತ್ತದೆ, ಇಂದಿನದು ಮತ್ತು ಮುಂದಿನದು. 30/60 ಎಂದಿದ್ದರೆ ಆ ಮೂವತ್ತು ಅಂಕದ ದೂರ ಇನ್ನೂ ನಡೆದಿಲ್ಲ. ಆಮೇಲೆ ವಯಸ್ಸನ್ನು ಹಂತದ ಜೊತೆ ಹೋಲಿಸಿ. ಡಬಲ್-ಎಯಲ್ಲಿ ಇಪ್ಪತ್ತು ವರ್ಷದವನು ಸರಾಸರಿ ಆಡಿದರೂ ಅದು ಒಳ್ಳೆಯ ಸೂಚನೆ, ಇಪ್ಪತ್ತೈದರವನು ಅಬ್ಬರಿಸಿದರೂ ಅಷ್ಟಕ್ಕಷ್ಟೆ. ಅಲ್ಲಿ 30 ಶೇಕಡಾ ಸ್ಟ್ರೈಕ್‌ಔಟ್ ಆಗುತ್ತಿರುವ ಬ್ಯಾಟರ್ ಮೇಲಿನ ಪಿಚಿಂಗ್ ಎದುರು ಕುಸಿಯುವ ಸಂಭವ ಹೆಚ್ಚು.

ಬರೀ ಬ್ಯಾಟಿಂಗ್ ಸರಾಸರಿ, ಹೋಮ್ ರನ್ ಎಣಿಸಬೇಡಿ. ಮೈನರ್ ಲೀಗಿನ ಅತಿ ಮೇಲಿನ ಹಂತವಾದ ಟ್ರಿಪಲ್-ಎಯ ಪೆಸಿಫಿಕ್ ಕೋಸ್ಟ್ ಲೀಗಿನ ಆಲ್ಬಕರ್ಕಿ ಮೈದಾನ ಸಮುದ್ರ ಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಕರ್ವ್‌ಬಾಲ್ ಕಡಿಮೆ ಬಾಗುತ್ತದೆ. ಮೈದಾನ ಮತ್ತು ಲೀಗಿಗೆ ಸರಿಹೊಂದಿಸಿದ ಡಬ್ಲ್ಯುಆರ್‌ಸಿ-ಪ್ಲಸ್ (ರನ್ ಗಳಿಕೆಗೆ ಬ್ಯಾಟರ್‌ನ ಕೊಡುಗೆ ಅಳೆಯುವ ಅಂಕಿ) ನೋಡಿ, 100 ಅಂದರೆ ಲೀಗ್ ಸರಾಸರಿ. ಟ್ರಿಪಲ್-ಎ ಆಟಗಾರರಿಗೆ ‘ಬೇಸ್‌ಬಾಲ್ ಸ್ಯಾವಂಟ್’ ಜಾಲತಾಣದಲ್ಲಿ ಚೆಂಡು ಬ್ಯಾಟಿನಿಂದ ಸಿಡಿಯುವ ವೇಗವೂ ಸಿಗುತ್ತದೆ.

ಕಾಂಪ್ಲೆಕ್ಸ್ ಲೀಗಿನ (ಮೈನರ್ ಲೀಗಿನ ತಳ ಹಂತದ) ಹದಿಹರೆಯದವರ ವಿಷಯಕ್ಕೆ ಬಂದರೆ ಎರಡೂ ಸೇವೆಗಳು ದುರ್ಬಲ. ಅಲ್ಲಿ ಅಂಕಿ ಕಟ್ಟುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. 2016ರ ಜೂನ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ಪಿಚರ್ ಜೇಮ್ಸ್ ಶೀಲ್ಡ್ಸ್‌ಗಾಗಿ ಕೊಟ್ಟ ಇಬ್ಬರಲ್ಲಿ ಒಬ್ಬ ಹದಿನೇಳು ವರ್ಷದ, ಆಗಿನ್ನೂ ಒಂದೂ ವೃತ್ತಿಪರ ಪಂದ್ಯ ಆಡದ, ಮುಂದೆ ದೊಡ್ಡ ಸ್ಟಾರ್ ಆದ ಫರ್ನಾಂಡೊ ಟಟೀಸ್ ಜೂನಿಯರ್. ಇದಕ್ಕೆ ವಿರುದ್ಧ ಉದಾಹರಣೆಗಳು ಸಾವಿರಾರು ಇವೆ, ಅವರ ಹೆಸರು ಯಾರಿಗೂ ನೆನಪಿಲ್ಲ, ಅಷ್ಟೆ. ಪ್ಯಾಕೇಜಿನ ಕೊನೆಯ ಹೆಸರು ಅಂಥ ಹುಡುಗನಾಗಿದ್ದರೆ ಸಾಧನ ತೋರುವ 1 ಮಿಲಿಯನ್ ಅನ್ನು ನಿಖರ ಅಂಕಿ ಎಂದು ಓದಬೇಡಿ.

ಪಿಚರ್‌ಗಳ ಬೆಲೆ ಕಡಿಮೆ ಇರುವುದು ಸರಿಯೇ. ಅದೇ 2018ರ ಲೆಕ್ಕದಲ್ಲಿ 50 ದರ್ಜೆಯ ಪಿಚರ್‌ಗೆ 21 ಮಿಲಿಯನ್, ಬ್ಯಾಟರ್‌ಗಿಂತ 7 ಕಡಿಮೆ. ಮೊಣಕೈಯ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದರೆ ಹನ್ನೆರಡರಿಂದ ಹದಿನೆಂಟು ತಿಂಗಳು ಕೈಬಿಟ್ಟುಹೋಗುತ್ತದೆ. ಎರಡು ಪ್ರಾಸ್ಪೆಕ್ಟ್‌ಗಳಲ್ಲಿ ಯಾರನ್ನು ಕೊಡುವುದೆಂಬ ಗೊಂದಲವಿದ್ದರೆ ಪಿಚರ್‌ನನ್ನು ಕೊಡಿ, ಬ್ಯಾಟರ್‌ನನ್ನು ಉಳಿಸಿಕೊಳ್ಳಿ.

‘ದಿ ಬೋರ್ಡ್’ನ ಒಂದು ತೊಡಕನ್ನೂ ಗಮನಿಸಬೇಕು. 130 ಅಟ್-ಬ್ಯಾಟ್, ಅಥವಾ 50 ಇನಿಂಗ್ಸ್, ಅಥವಾ ರೋಸ್ಟರ್‌ನಲ್ಲಿ 45 ದಿನ ದಾಟಿದವನು ರೂಕಿ, ಅಂದರೆ ಹೊಸಬ, ಅಲ್ಲ, ಪಟ್ಟಿಯಿಂದ ಇಳಿದುಬಿಡುತ್ತಾನೆ. ಆಗ ಅಭಿಮಾನಿಗಳ ಕಣ್ಣಿನಿಂದಲೂ ಮರೆಯಾಗುತ್ತಾನೆ. 2018ರಲ್ಲಿ ಟ್ಯಾಂಪಾ ಬೇ ರೇಸ್ ತಂಡ ಕ್ರಿಸ್ ಆರ್ಚರ್‌ನನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟು ಪಡೆದದ್ದು ಇಂಥ ಟೈಲರ್ ಗ್ಲಾಸ್ನೋ ಮತ್ತು ಆಸ್ಟಿನ್ ಮೆಡೋಸ್‌ರನ್ನು, ಜೊತೆಗೆ ಪ್ರಾಸ್ಪೆಕ್ಟ್ ಶೇನ್ ಬಾಜ್. ಟ್ರೇಡ್ ವ್ಯಾಲ್ಯೂಸ್ ಇಂಥವರನ್ನು ಕೈಬಿಡುವುದಿಲ್ಲ, ಅದು ಅದರ ನಿಜವಾದ ಗಟ್ಟಿತನ.

ನಿಯಮಗಳನ್ನು ನೀವೇ ನೋಡಿಕೊಳ್ಳಿ. ಜುಲೈನ ಡ್ರಾಫ್ಟ್‌ನಲ್ಲಿ (ಹೊಸಬರ ವಾರ್ಷಿಕ ಆಯ್ಕೆಯಲ್ಲಿ) ಆಯ್ಕೆಯಾದವನನ್ನು ವರ್ಲ್ಡ್ ಸೀರೀಸ್ ಮುಗಿಯುವ ತನಕ ಟ್ರೇಡ್ ಮಾಡುವಂತಿಲ್ಲ. ಟ್ರೇಡ್ ಗಡುವಿನ ನಂತರ ಆಗಸ್ಟ್‌ನಲ್ಲಿ ನಡೆಯುತ್ತಿದ್ದ ವೇವರ್ ಟ್ರೇಡ್‌ಗಳೂ 2019ರಿಂದ ಇಲ್ಲ. ಟ್ರೇಡ್ ಬೇಡ ಎನ್ನುವ ಹಕ್ಕು ಕರಾರಿನಲ್ಲಿದ್ದರೆ ಆಟಗಾರ ಎಲ್ಲವನ್ನೂ ನಿಲ್ಲಿಸಬಹುದು. 2022ರಲ್ಲಿ ಪ್ಯಾಡ್ರೇಸ್ ವಾಷಿಂಗ್ಟನ್‌ನಿಂದ ಸ್ಟಾರ್ ಬ್ಯಾಟರ್ ಹುವಾನ್ ಸೊಟೊನನ್ನು ತಂದ ಟ್ರೇಡ್‌ನಲ್ಲಿ ಎರಿಕ್ ಹಾಸ್ಮರ್ ವಾಷಿಂಗ್ಟನ್‌ಗೆ ಹೋಗಲು ಒಪ್ಪದೆ, ಪ್ಯಾಡ್ರೇಸ್ ಲ್ಯೂಕ್ ವಾಯ್ಟ್‌ನನ್ನು ಕಳಿಸಬೇಕಾಯಿತು. ಋತುವಿನ ನಡುವೆ ತಂದವನಿಗೆ ಕ್ವಾಲಿಫೈಯಿಂಗ್ ಆಫರ್ (ಕರಾರು ಮುಗಿದವನಿಗೆ ತಂಡ ಮುಂದಿಡುವ ಒಂದು ವರ್ಷದ ಪ್ರಸ್ತಾಪ) ಕೊಡಲಾಗದು, ಅವನು ಹೋದರೆ ಡ್ರಾಫ್ಟ್ ಪಿಕ್ ಕೂಡ ಸಿಗದು.

ಸೊಟೊ ಟ್ರೇಡ್ ಇನ್ನೊಂದನ್ನೂ ತೋರಿಸುತ್ತದೆ. ವಾಷಿಂಗ್ಟನ್‌ಗೆ ಸಿ. ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಸಿಕ್ಕರು, ಮೂವರೂ ಆಲ್-ಸ್ಟಾರ್ ಆದರು. ಪ್ಯಾಡ್ರೇಸ್ 2022ರಲ್ಲಿ ನ್ಯಾಷನಲ್ ಲೀಗ್ ಫೈನಲ್ ತಲುಪಿತು, 2023ರ ಡಿಸೆಂಬರ್‌ನಲ್ಲಿ ಸೊಟೊನ ಕೊನೆಯ ವರ್ಷವನ್ನು ಯಾಂಕೀಸ್‌ಗೆ ಮಾರಿ ಮೈಕಲ್ ಕಿಂಗ್ ಸೇರಿ ನಾಲ್ವರು ಪಿಚರ್‌ಗಳನ್ನು, ಒಬ್ಬ ಕ್ಯಾಚರ್‌ನನ್ನು ಪಡೆಯಿತು. ಅವರಲ್ಲಿ ಡ್ರೂ ಥಾರ್ಪ್‌ನನ್ನು ಮುಂದಿನ ಮಾರ್ಚ್‌ನಲ್ಲಿ ಡಿಲನ್ ಸೀಸ್‌ಗಾಗಿ ಕೊಟ್ಟಿತು. ವರ್ಷಗಳು ಉಳಿದಿರುವ ಸ್ಟಾರ್‌ನನ್ನು ತಂದರೆ ಮತ್ತೆ ಮಾರುವ ದಾರಿ ತೆರೆದಿರುತ್ತದೆ, ಎರಡು ತಿಂಗಳ ಬಾಡಿಗೆ ಆಟಗಾರನಲ್ಲಿ ಅದಿಲ್ಲ. ಒಳ್ಳೆಯ ಪ್ರಾಸ್ಪೆಕ್ಟ್ ಕೊಡಲೇಬೇಕಾದರೆ ಕನಿಷ್ಠ ಒಂದೂವರೆ ಋತು ಕೈಯಲ್ಲಿರುವವನಿಗೇ ಕೊಡುವುದು ಉತ್ತಮ.

ಸ್ಟಾರ್‌ನ ಬೆಲೆ ಅವನ ಈಗಿನ ಕರಾರು ಮುಗಿಯುವ ದಿನಕ್ಕೆ ನಿಲ್ಲುತ್ತದೆ. ತಂದ ಮೇಲೆ ಹೊಸ ಕರಾರಿಗೆ ಒಪ್ಪಿಸುವ ಅವಕಾಶ ಆ ಅಂಕಿಯಲ್ಲಿ ಸೇರಿರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಬಾಸ್ಟನ್ ಎರಡು ವರ್ಷದ ಹಿಡಿತವಿದ್ದ ಪಿಚರ್ ಗ್ಯಾರೆಟ್ ಕ್ರೋಶೆಗಾಗಿ ಕೈಲ್ ಟೀಲ್ ಮತ್ತು ಬ್ರೇಡನ್ ಮಾಂಟ್ಗೊಮೆರಿ ಸೇರಿ ನಾಲ್ವರನ್ನು ಕೊಟ್ಟಾಗ ಬೆಲೆ ಹೆಚ್ಚಾಯಿತೆಂದವರು ಲೆಕ್ಕ ಹಾಕಿದ್ದು ಆ ಎರಡು ವರ್ಷಕ್ಕೆ. ಕೆಲವೇ ತಿಂಗಳಲ್ಲಿ ಬಾಸ್ಟನ್ ಅವನ ಜೊತೆ ಆರು ವರ್ಷ, 170 ಮಿಲಿಯನ್ ಡಾಲರ್‌ಗೆ ಸಹಿ ಮಾಡಿಸಿತು. ಆ ಋತುವಿನಲ್ಲಿ ಅವನು 2.59 ಇಆರ್‌ಎಯೊಂದಿಗೆ 255 ಸ್ಟ್ರೈಕ್‌ಔಟ್ ಪಡೆದು, ಸ್ಟ್ರೈಕ್‌ಔಟ್‌ಗಳಲ್ಲಿ ಅಮೆರಿಕನ್ ಲೀಗಿಗೆ ಮೊದಲಿಗನಾದ.